ಸಾಂಪ್ರದಾಯಿಕ ಬಿಲ್ಲಿಗೆ ಯಾವ ಬ್ರಾಡ್‌ಹೆಡ್? ತೂಕ, ಅಗಲ ಆರಿಸುವ ಕ್ರಮ

ಅಮೆರಿಕದ ಯಾವುದೇ ಬಿಲ್ಲಿನ ಅಂಗಡಿಗೆ ಹೋಗಿ, ಗೋಡೆಗೆ ಸಾಲಾಗಿ ನೇತುಹಾಕಿದ ಬ್ರಾಡ್‌ಹೆಡ್ (ಬೇಟೆಯ ಬಾಣದ ತುದಿಗೆ ಹಾಕುವ ಹರಿತ ಅಲಗಿನ ಮೊನೆ) ಪ್ಯಾಕೆಟ್‌ಗಳನ್ನು ನೋಡಿ. 100, 125, 150, 200, 250, 300 ಅಂತ ಒಂದು ಸಂಖ್ಯೆ. ಅದರ ಪಕ್ಕದಲ್ಲಿ 1 ಇಂಚು, 1⅛ ಇಂಚು, 1½ ಇಂಚು ಅಂತ ಇನ್ನೊಂದು. ಹೊಸಬರು ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಯಾವುದು ಒಳ್ಳೆಯದು?" ಹಾಗೆ ಕೇಳಿದರೆ ಅಂಗಡಿಯವನು ತನಗೆ ಇಷ್ಟವಾದದ್ದನ್ನು ಕೊಟ್ಟು ಕಳಿಸುತ್ತಾನೆ, ಅಷ್ಟೇ.

ನಿಜಕ್ಕೂ ಇಲ್ಲಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ತೂಕ ಎಷ್ಟಿರಬೇಕು ಅನ್ನುವುದನ್ನು ನಿಮ್ಮ ಬಾಣ ಹೇಳುತ್ತದೆ. ಅಗಲ ಎಷ್ಟಿರಬೇಕು ಅನ್ನುವುದನ್ನು ನಿಮ್ಮ ಬಿಲ್ಲು ಹೇಳುತ್ತದೆ. ಎರಡನ್ನೂ ಬೆರೆಸದೆ, ಮೊದಲು ತೂಕ, ಆಮೇಲೆ ಅಗಲ ಅಂತ ಹೋದರೆ ದುಡ್ಡೂ ಉಳಿಯುತ್ತದೆ, ತಲೆನೋವೂ ಕಡಿಮೆ.

ಅಮೆರಿಕದಲ್ಲಿ ನೆಲೆಸಿ, ಗಾಲಿ-ಕೇಬಲ್ ಇರುವ ಕಾಂಪೌಂಡ್ ಬಿಟ್ಟು ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಅಥವಾ ಲಾಂಗ್‌ಬೋ (ಉದ್ದನೆಯ ಸಾದಾ ಬಿಲ್ಲು) ಹಿಡಿದಿರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರಲ್ಲಿರುವವರಿಗೆ ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬಿಲ್ಲಿನಲ್ಲಿ ಆಡಿದರೂ ಅಷ್ಟೇ. ಬ್ರಿಟನ್‌ನಲ್ಲೂ ಬಿಲ್ಲಿನ ಬೇಟೆಗೆ ಅವಕಾಶವಿಲ್ಲ. ನೀವು ಗುರಿ ಹೊಡೆಯುವ ಆಟಕ್ಕೆ ಮಾತ್ರ ಬಿಲ್ಲು ಹಿಡಿಯುವವರಾದರೆ ತೂಕ ಮತ್ತು ಬಾಣದ ಹೊಂದಾಣಿಕೆಯ ಭಾಗವನ್ನಷ್ಟೇ ಓದಿಕೊಳ್ಳಿ. ಸಾದಾ ಫೀಲ್ಡ್ ಪಾಯಿಂಟ್‌ಗೂ, ಅಂದರೆ ಅಲಗಿಲ್ಲದ ಅಭ್ಯಾಸದ ಮೊನೆಗೂ, ಅದೇ ಲೆಕ್ಕ.

ಗ್ರೇನ್ ಅಂದರೆ ಎಷ್ಟು?

ಬಾಣದ ಲೋಕದಲ್ಲಿ ತೂಕವೆಲ್ಲ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು 15.4. ನಮ್ಮ ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿ ನೆನಪಿದೆಯಾ? ಒಂದು ಗುಲಗಂಜಿ ಹತ್ತಿರ ಹತ್ತಿರ 2 ಗ್ರೇನ್ ತೂಗುತ್ತದೆ. 125 ಗ್ರೇನ್ ಅಂದರೆ 8 ಗ್ರಾಮಿಗಿಂತ ಚೂರು ಜಾಸ್ತಿ, 200 ಗ್ರೇನ್ ಅಂದರೆ 13 ಗ್ರಾಮ್. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬಾಣಕ್ಕೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾಗಿ ಮೊದಲು ಕೊಳ್ಳಬೇಕಾದ್ದು ಬ್ರಾಡ್‌ಹೆಡ್ ಅಲ್ಲ, ಗ್ರೇನ್ ತೋರಿಸುವ ಒಂದು ಸಣ್ಣ ಡಿಜಿಟಲ್ ತಕ್ಕಡಿ. ಅದು ಸರಿ ಇದೆಯೋ ಇಲ್ಲವೋ ನೋಡಲು ಜೇಬಿನಲ್ಲಿರುವ 5 ಸೆಂಟ್‌ನ ನಾಣ್ಯ ಸಾಕು. ಅದರ ತೂಕ 5 ಗ್ರಾಮ್, ಅಂದರೆ 77 ಗ್ರೇನ್ ತೋರಿಸಬೇಕು.

ಮೊದಲು ಬಿಲ್ಲನ್ನು ಅಳೆಯಿರಿ

ಬಿಲ್ಲಿನ ಮೇಲೆ 50 ಪೌಂಡ್ ಅಂತ ಬರೆದಿರುತ್ತದೆ. ಅದು ಹೆದೆಯನ್ನು 28 ಇಂಚು ಎಳೆಯಲು ಬೇಕಾದ ಬಲದ ಲೆಕ್ಕ. ನಮ್ಮಲ್ಲಿ ಅನೇಕರ ಎಳೆತ 26, 27 ಇಂಚು ಮಾತ್ರ. ಒಂದು ಇಂಚಿಗೆ ಎರಡರಿಂದ ಮೂರು ಪೌಂಡ್ ಹೆಚ್ಚುಕಮ್ಮಿ ಆಗುತ್ತದೆ. 26 ಇಂಚು ಎಳೆಯುವವರ ಕೈಯಲ್ಲಿ ಆ 50 ಪೌಂಡಿನ ಬಿಲ್ಲು ಸುಮಾರು 45 ಪೌಂಡಿನದು. ಬೋ ಸ್ಕೇಲ್‌ನಲ್ಲಿ ನಿಮ್ಮ ಎಳೆತಕ್ಕೇ ಅಳೆಸಿ, ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ.

ಒಟ್ಟು ಬಾಣದ ತೂಕ

ಸಾಂಪ್ರದಾಯಿಕ ಬಿಲ್ಲಿನ ಬಲದ ಪ್ರತಿ ಪೌಂಡಿಗೆ 8ರಿಂದ 10 ಗ್ರೇನ್ ಬಾಣ ಇರಲಿ ಅನ್ನುವುದು ರೂಢಿ. ಬೇಟೆಗೆ ನಾನು 10ರಿಂದ 12ರ ನಡುವೆ ಇರಿ ಅನ್ನುತ್ತೇನೆ. ಬಾಣ ಹಗುರಾದಷ್ಟೂ ಬಿಲ್ಲು ಜಾಸ್ತಿ ಸದ್ದು ಮಾಡುತ್ತದೆ, ಕೈಗೂ ಜಾಸ್ತಿ ಅದುರುತ್ತದೆ. ತೀರಾ ಹಗುರಾದರೆ ಬಿಲ್ಲಿಗೇ ಪೆಟ್ಟು. ತೂಕ ಜಾಸ್ತಿ ಆದರೆ ವೇಗ ಕಡಿಮೆಯಾಗಿ ಬಾಣ ಬೇಗ ಕೆಳಗಿಳಿಯುತ್ತದೆ, ನಿಜ. ಆದರೆ ಇಂಥ ಬಿಲ್ಲಿನಲ್ಲಿ ಯಾರೂ 40 ಗಜ ದೂರದ ಜಿಂಕೆಗೆ ಬಾಣ ಬಿಡಬಾರದು. 15, 20 ಗಜದಲ್ಲಿ ಆ ಇಳಿತ ದೊಡ್ಡ ವಿಷಯವಲ್ಲ.

ಒಂದು ಉದಾಹರಣೆ ನೋಡೋಣ. ಬಿಲ್ಲು ನಿಮ್ಮ ಎಳೆತಕ್ಕೆ 45 ಪೌಂಡ್. ಕಾರ್ಬನ್ ಕಡ್ಡಿ 250 ಗ್ರೇನ್, ಹಿತ್ತಾಳೆಯ ಇನ್ಸರ್ಟ್ (ಮೊನೆ ತಿರುಪಲು ಕಡ್ಡಿಯೊಳಗೆ ಕೂರಿಸುವ ತುಂಡು) 50, ಮೂರು ಗರಿ ಸೇರಿ 9, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) 10. ಇದಕ್ಕೆ 125ರ ಬ್ರಾಡ್‌ಹೆಡ್ ಹಾಕಿದರೆ ಒಟ್ಟು 444 ಗ್ರೇನ್, ಪೌಂಡಿಗೆ 10ರ ಹತ್ತಿರ. 200ರದ್ದು ಹಾಕಿದರೆ 519, ಪೌಂಡಿಗೆ 11.5. ಎರಡೂ ಬೇಟೆಗೆ ಸಾಕು. ಹಾಗಾದರೆ ಆಯ್ಕೆ ಹೇಗೆ? ಅದನ್ನು ಕಡ್ಡಿಯ ಬಿಗಿ ಹೇಳುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಎಡ್ ಆಶ್ಬಿ ಅನ್ನುವವರು 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಬಾಣಗಳು ಎಷ್ಟು ಆಳ ಇಳಿಯುತ್ತವೆ ಅಂತ ಪರೀಕ್ಷೆ ಮಾಡಿದವರು. ದಪ್ಪ ಮೂಳೆ ಒಡೆಯಬೇಕಾದರೆ ಬಾಣ 650 ಗ್ರೇನ್ ದಾಟಬೇಕು ಅನ್ನುವುದು ಅವರ ವಾದ. ಅದನ್ನು ಓದಿದವರಲ್ಲಿ ಕೆಲವರು 45 ಪೌಂಡಿನ ಬಿಲ್ಲಿಗೂ 650ರ ಬಾಣ ಕಟ್ಟುತ್ತಾರೆ. ಅದು ಪೌಂಡಿಗೆ 14ಕ್ಕೂ ಜಾಸ್ತಿ. ದೊಡ್ಡ ಎಲ್ಕ್, ಮೂಸ್ ಬೇಟೆಗೆ ಅವರ ಮಾತಿಗೆ ಬೆಲೆ ಇದೆ. ಬಿಳಿಬಾಲದ ಜಿಂಕೆಗೆ ಅಷ್ಟೆಲ್ಲ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕಡ್ಡಿಯ ಬಿಗಿ ನೋಡಿ ತೂಕ ನಿರ್ಧರಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ.

ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ನೇರವಾಗಿ ಹೊರಡುವುದಿಲ್ಲ. ಬಳುಕಿ, ಬಿಲ್ಲಿನ ಪಕ್ಕದಿಂದ ಸುತ್ತಿಕೊಂಡು ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಕಡ್ಡಿ ಎಷ್ಟು ಬಳುಕುತ್ತದೆ ಅನ್ನುವುದಕ್ಕೆ ಸ್ಪೈನ್ ಅನ್ನುತ್ತಾರೆ. ಕಾರ್ಬನ್ ಕಡ್ಡಿಯ ಮೇಲೆ 400, 500, 600 ಅಂತ ಇರುತ್ತದಲ್ಲ, ಅದು ಇದೇ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಡುವೆ 1.94 ಪೌಂಡ್ ತೂಗುಹಾಕಿದಾಗ 500ರ ಕಡ್ಡಿ ಅರ್ಧ ಇಂಚು ಬಾಗುತ್ತದೆ. ಸಂಖ್ಯೆ ಜಾಸ್ತಿ ಇದ್ದಷ್ಟೂ ಕಡ್ಡಿ ಮೆದು. ಮರದ ಕಡ್ಡಿಗೆ ಲೆಕ್ಕ ಬೇರೆ: 26 ಇಂಚು ಅಂತರ, 2 ಪೌಂಡ್ ತೂಕ, ಉತ್ತರ ಪೌಂಡಿನಲ್ಲಿ.

ತುದಿಯಲ್ಲಿ ತೂಕ ಜಾಸ್ತಿ ಮಾಡಿದಷ್ಟೂ ಬಾಣ ಜಾಸ್ತಿ ಬಳುಕುತ್ತದೆ, ಅಂದರೆ ಮೆದುವಾದ ಕಡ್ಡಿಯ ಹಾಗೆ ನಡೆದುಕೊಳ್ಳುತ್ತದೆ. ಮರದ ಬಾಣ ಮಾಡುವವರು 125ರ ಮೇಲೆ ಪ್ರತಿ 25 ಗ್ರೇನ್‌ಗೆ ಸುಮಾರು 5 ಪೌಂಡ್ ಸ್ಪೈನ್ ಜಾಸ್ತಿ ಹಿಡಿಯುವುದು ಇದಕ್ಕೇ. 125 ತೆಗೆದು 200 ಹಾಕಿಬಿಟ್ಟರೆ ನಿನ್ನೆವರೆಗೆ ನೆಟ್ಟಗೆ ಹೋಗುತ್ತಿದ್ದ ಬಾಣ ಇವತ್ತು ಪಕ್ಕಕ್ಕೆ ತಿರುಗಬಹುದು. ಬ್ರಾಡ್‌ಹೆಡ್‌ದೇ ತಪ್ಪು ಅಂತ ಜನ ಅಂಗಡಿಗೆ ವಾಪಸ್ ಕೊಡುವುದು ಇಂಥ ಕಡೆಯೇ.

ಮಾಡಬೇಕಾದ್ದು ಇಷ್ಟು. ಬ್ರಾಡ್‌ಹೆಡ್ ಇನ್ನೂ ಕೊಳ್ಳಬೇಡಿ. 100, 125, 150, 175, 200 ಗ್ರೇನ್‌ನ ಫೀಲ್ಡ್ ಪಾಯಿಂಟ್ ಐದೈದು ತನ್ನಿ. ಇವು ಅಗ್ಗ. ಗರಿ ಅಂಟಿಸದ ಎರಡು ಬರಿ ಬಾಣ, ಗರಿ ಇರುವ ಮೂರು ಬಾಣ ತೆಗೆದುಕೊಳ್ಳಿ. ಎಲ್ಲಕ್ಕೂ ಒಂದೇ ತೂಕದ ಮೊನೆ ಹಾಕಿ, 15 ಗಜದಿಂದ ಒಂದೇ ಗುರಿಗೆ ಬಿಡಿ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಬರಿ ಬಾಣ ಗರಿ ಬಾಣಕ್ಕಿಂತ ಎಡಕ್ಕೆ ಬಿದ್ದರೆ ಕಡ್ಡಿ ಬಿಗಿ ಅಂತ ಅರ್ಥ, ತುದಿಗೆ ತೂಕ ಸೇರಿಸಿ. ಬಲಕ್ಕೆ ಬಿದ್ದರೆ ಮೆದು, ತೂಕ ಇಳಿಸಿ ಅಥವಾ ಕಡ್ಡಿ ಉದ್ದ ಇದ್ದರೆ ಕಾಲು ಇಂಚಿನಷ್ಟೇ ಕತ್ತರಿಸುತ್ತಾ ಬನ್ನಿ. ಎಡಗೈಯವರಿಗೆ ಇದೆಲ್ಲ ಉಲ್ಟಾ. ಬರಿ ಬಾಣ ಮೇಲೆ ಕೆಳಗೆ ಹೋದರೆ ಹೆದೆಯ ಮೇಲಿನ ನಾಕಿಂಗ್ ಪಾಯಿಂಟ್, ಅಂದರೆ ಬಾಣ ಸಿಕ್ಕಿಸುವ ಗುರುತು, ಸರಿ ಮಾಡಬೇಕು. ಅದಕ್ಕೂ ತೂಕಕ್ಕೂ ಸಂಬಂಧವಿಲ್ಲ.

ಯಾವ ತೂಕದಲ್ಲಿ ಬರಿ ಬಾಣವೂ ಗರಿ ಬಾಣವೂ ಒಟ್ಟಿಗೆ ಬಿದ್ದವೋ ಅದೇ ನಿಮ್ಮ ತೂಕ. ಪಕ್ಕದ ಮನೆಯವನು 250 ಹಾಕಿದ್ದಾನೆ ಅಂತ ನೀವು ಹಾಕಬೇಕಿಲ್ಲ, ಅಲ್ವಾ?

ಕತ್ತರಿಸುವಾಗ ಒಂದು ಎಚ್ಚರ. ಪೂರ್ತಿ ಎಳೆದಾಗ ಬ್ರಾಡ್‌ಹೆಡ್‌ನ ಹಿಂಬದಿ ಬಿಲ್ಲಿಗಿಂತ ಕನಿಷ್ಠ 1 ಇಂಚು ಮುಂದಿರಬೇಕು. ಫೀಲ್ಡ್ ಪಾಯಿಂಟ್ ಹಿಂದೆ ಸರಿದು ಬೆರಳಿಗೆ ತಾಗಿದರೆ ಏನೂ ಆಗುವುದಿಲ್ಲ. ಬ್ರಾಡ್‌ಹೆಡ್ ತಾಗಿದರೆ ಬೆರಳು ಹೋಗುತ್ತದೆ. ಅಗಲವಾದ ಅಲಗಿಗಂತೂ ಇನ್ನೂ ಜಾಸ್ತಿ ಜಾಗ ಬಿಡಿ.

ಅದೇ ತೂಕವನ್ನು ಹೇಗೆ ಕೂಡಿಸುವುದು

ಬ್ರಾಡ್‌ಹೆಡ್‌ನಲ್ಲಿ ಅಂಟಿಸುವುದು, ತಿರುಪುವುದು ಅಂತ ಎರಡು ಬಗೆ. ಅಂಟಿಸುವುದರ ಹಿಂದೆ ಟೊಳ್ಳು ಕೊಳವೆ ಇರುತ್ತದೆ. ಮರದ ಕಡ್ಡಿಯ ತುದಿಯನ್ನು 5 ಡಿಗ್ರಿ ಇಳಿಜಾರಿಗೆ ಹೆರೆದು ಅದರೊಳಗೆ ಕೂರಿಸುತ್ತಾರೆ. ತಿರುಪುವುದು ಕಾರ್ಬನ್, ಅಲ್ಯೂಮಿನಿಯಂ ಕಡ್ಡಿಗೆ.

ಅಂಟಿಸುವ ಬ್ರಾಡ್‌ಹೆಡ್ಡನ್ನು ಕಾರ್ಬನ್ ಕಡ್ಡಿಗೂ ಹಾಕಬಹುದು. ನಡುವೆ ಅಡಾಪ್ಟರ್ ಬೇಕು. ಅಡಾಪ್ಟರ್ ಅಲ್ಯೂಮಿನಿಯಂನಲ್ಲೂ ಸಿಗುತ್ತದೆ, ಉಕ್ಕಿನಲ್ಲೂ ಸಿಗುತ್ತದೆ, ತೂಕ ಬೇರೆ ಬೇರೆ. 125ರ ಬ್ರಾಡ್‌ಹೆಡ್‌ಗೆ 75ರ ಉಕ್ಕಿನ ಅಡಾಪ್ಟರ್ ಸೇರಿಸಿದರೆ 200 ಆಯಿತು. ಒಂದೇ ಅಲಗನ್ನು ಇಟ್ಟುಕೊಂಡು ತೂಕ ಬದಲಾಯಿಸುವ ಈ ಸೌಕರ್ಯ ನನಗೆ ತುಂಬ ಇಷ್ಟ. ಬಿಲ್ಲು ಬದಲಾಯಿಸಿದರೂ ಬ್ರಾಡ್‌ಹೆಡ್ ಹಳೆಯದೇ ಸಾಕು. ಸಾಧ್ಯವಿದ್ದರೆ ಉಕ್ಕಿನ ಅಡಾಪ್ಟರನ್ನೇ ತನ್ನಿ. ಅಲ್ಯೂಮಿನಿಯಂ ಮೂಳೆಗೆ ತಾಗಿದರೆ ಬಾಗುವುದು ಬೇಗ.

ತುದಿಯ ತೂಕ ಜಾಸ್ತಿ ಆದ ಹಾಗೆ ಬಾಣದ ಸಮತೋಲದ ಬಿಂದುವೂ ಮುಂದೆ ಸರಿಯುತ್ತದೆ. ಬಾಣವನ್ನು ಬೆರಳ ಮೇಲೆ ನಿಲ್ಲಿಸಿ ಅದು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಿ. ಕಡ್ಡಿ 30 ಇಂಚು, ಗುರುತು ಹಿಂದಿನಿಂದ 19.5 ಇಂಚಿಗೆ ಬಂತು ಅನ್ನೋಣ. ನಡುವಿನಿಂದ 4.5 ಇಂಚು ಮುಂದೆ. 4.5 ಭಾಗಿಸು 30, ಅಂದರೆ ಶೇ 15. ಬೇಟೆಗೆ ಶೇ 10ರಿಂದ 15 ಆರಾಮಾಗಿ ನಡೆಯುತ್ತದೆ. ಇದನ್ನು ಹಿಡಿದು ವಾದ ಮಾಡುವವರು ಬೇಕಾದಷ್ಟು ಸಿಗುತ್ತಾರೆ. ಬಾಣ ನೆಟ್ಟಗೆ ಹಾರುತ್ತಿದ್ದರೆ ನೀವು ತಲೆ ಕೆಡಿಸಿಕೊಳ್ಳಬೇಡಿ.

ಈಗ ಅಗಲ

ಅಗಲ ಜಾಸ್ತಿ ಇದ್ದಷ್ಟೂ ಗಾಯ ದೊಡ್ಡದು, ರಕ್ತದ ಜಾಡು ಹಿಡಿಯುವುದು ಸುಲಭ. ಆದರೆ ಅಗಲವಾಗಿ ಸೀಳಲು ಶಕ್ತಿ ಬೇಕು, ಅದನ್ನು ಬಿಲ್ಲು ಕೊಡಬೇಕು. ಶಕ್ತಿ ಸಾಲದಿದ್ದರೆ ಬಾಣ ಒಳಗೇ ನಿಲ್ಲುತ್ತದೆ, ಪ್ರಾಣಿ ಗಾಯ ಹೊತ್ತು ಓಡುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಎರಡು ಬಾಯಿಯ ಅಲಗು 1⅛ ಇಂಚು ಅಗಲ ಇದ್ದರೆ ಸೀಳುವುದು ಒಟ್ಟು 1⅛ ಇಂಚು. ಅದೇ ಅಗಲದ ಮೂರು ಅಲಗಿನ ಬ್ರಾಡ್‌ಹೆಡ್ ಸೀಳುವುದು ಸುಮಾರು 1.7 ಇಂಚು, ಯಾಕೆಂದರೆ ನಡುವಿನಿಂದ ಅಂಚಿಗೆ 0.56 ಇಂಚಿನ ಅಲಗು ಮೂರು. ಪ್ಯಾಕೆಟ್ ಮೇಲೆ ಎರಡಕ್ಕೂ 1⅛ ಅಂತಲೇ ಇರುತ್ತದೆ. ಬರಿ ಅಗಲ ನೋಡಿ ಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ.

ನನ್ನ ಲೆಕ್ಕ ಹೀಗೆ. ನಿಮ್ಮ ಎಳೆತಕ್ಕೆ 40ರಿಂದ 45 ಪೌಂಡ್ ಇದ್ದರೆ ಎರಡು ಬಾಯಿಯದೇ ಇರಲಿ, ಅಗಲ 1ರಿಂದ 1⅛. ಇದಕ್ಕಿಂತ ಆಚೆ ಹೋಗಬೇಡಿ. ಜ್ವಿಕೀ ಕಂಪನಿಯ ಎಸ್ಕಿಮೊ ಈ ಅಳತೆಯದು, 1⅛ ಇಂಚು. ಅದೇ ಕಂಪನಿಯ ಡೆಲ್ಟಾ 1⅜ ಇಂಚು. ನೋಡಲು ಅಣ್ಣತಮ್ಮಂದಿರೇ, ಆದರೆ ಡೆಲ್ಟಾಕ್ಕೆ 50 ಪೌಂಡಿನ ಬಿಲ್ಲು ಇರಲಿ. 50 ದಾಟಿದ ಮೇಲೆ ಮೂರು ಅಲಗಿನದನ್ನೂ ಯೋಚಿಸಬಹುದು. 1½ ಇಂಚಿನ ಅಗಲದ್ದು ಟರ್ಕಿ ಕೋಳಿಯಂಥ ತೆಳು ಮೂಳೆಯ ಬೇಟೆಗೆ ಚೆನ್ನ.

ಅಗಲದ ಜೊತೆಗೆ ಉದ್ದವನ್ನೂ ನೋಡಿ. ಉದ್ದ ಅಗಲಕ್ಕಿಂತ ಮೂರು ಪಟ್ಟು ಇರಬೇಕು ಅಂತ ಹೋವರ್ಡ್ ಹಿಲ್ ಹೇಳುತ್ತಿದ್ದರು. ಕಳೆದ ಶತಮಾನದ ಹೆಸರಾಂತ ಲಾಂಗ್‌ಬೋ ಬೇಟೆಗಾರ ಆತ. 3 ಇಂಚು ಉದ್ದ, 1 ಇಂಚು ಅಗಲದ ಅಲಗಿನ ಇಳಿಜಾರು ಸಣ್ಣದು, ನಿಧಾನವಾಗಿ ಜಾರಿಕೊಂಡು ಒಳಗೆ ಹೋಗುತ್ತದೆ. 1½ ಉದ್ದ, 1½ ಅಗಲದ ಅಲಗು ಹೋದಲ್ಲೇ ತಡೆಯುತ್ತದೆ. ಕಡಿಮೆ ಪೌಂಡಿನವರು ಮೂರು ಪಟ್ಟಿಗೆ ಹತ್ತಿರ ಇರುವುದನ್ನೇ ಆರಿಸಿ.

ಒಂದೇ ಕಡೆ ಮಸೆದ ಅಲಗೂ ಸಿಗುತ್ತದೆ, ಸಿಂಗಲ್ ಬೆವೆಲ್ ಅನ್ನುತ್ತಾರೆ. ಇದು ಒಳಗೆ ಹೋಗುವಾಗ ತಿರುಗುತ್ತದೆ, ಮೂಳೆ ಸೀಳಲು ಅದು ಸಹಾಯ. ಒಂದೇ ಷರತ್ತು: ಬಲಕ್ಕೆ ತಿರುಗುವ ಗರಿಗೆ ಬಲ ಬೆವೆಲ್, ಎಡಕ್ಕೆ ಎಡ. ಉಲ್ಟಾ ಹಾಕಿದರೆ ಗರಿ ಒಂದು ಕಡೆ, ಅಲಗು ಇನ್ನೊಂದು ಕಡೆ ತಿರುಗಿಸಲು ನೋಡುತ್ತವೆ.

ಅಗಲ ಅಲಗಿಗೆ ಗಾಳಿಯೂ ಜಾಸ್ತಿ ಸಿಗುತ್ತದೆ, ಅದು ಮುಂದಿನ ರೆಕ್ಕೆಯಾಗಿ ಬಾಣವನ್ನು ತಿರುಗಿಸಲು ನೋಡುತ್ತದೆ. ಹಿಂದಿನ ಗರಿ ಅದನ್ನು ಹಿಡಿದು ನಿಲ್ಲಿಸಬೇಕು. ಬ್ರಾಡ್‌ಹೆಡ್ ಅಗಲವಾದರೆ 5 ಇಂಚಿನ ಗರಿ, ಸ್ವಲ್ಪ ಸುರುಳಿಯಾಗಿ ಅಂಟಿಸಿದ್ದು ಇರಲಿ. ಅಲಗಿನಲ್ಲಿ ತೂತು ಇರುವ ಮಾದರಿಗಳು ಕೆಲವೊಮ್ಮೆ ಸಿಳ್ಳೆ ಹೊಡೆಯುತ್ತವೆ. ಜಿಂಕೆಗೆ ಅದು ಕೇಳಿಸುತ್ತದೆ.

ಕಾನೂನು ನೋಡಿ ಆಮೇಲೆ ದುಡ್ಡು ಕೊಡಿ

ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕೊಲೊರಾಡೊದಲ್ಲಿ ಕನಿಷ್ಠ 7/8 ಇಂಚು ಅಗಲ, ಕನಿಷ್ಠ ಎರಡು ಬಾಯಿ ಬೇಕು. ಕೆಲವು ರಾಜ್ಯಗಳು ಬಾಣದ ಕನಿಷ್ಠ ತೂಕವನ್ನೂ ಹೇಳುತ್ತವೆ. ಹಿಂದಕ್ಕೆ ಕೊಕ್ಕೆಯ ಹಾಗೆ ಚಾಚಿದ ಅಲಗನ್ನು ಒರೆಗಾನ್, ವಾಷಿಂಗ್ಟನ್ ಒಪ್ಪುವುದಿಲ್ಲ. ಹಳೇ ಮಾದರಿಯ ಕೆಲವು ಬ್ರಾಡ್‌ಹೆಡ್‌ಗಳ ಹಿಂತುದಿ ಹಾಗೇ ಇರುತ್ತದೆ, ಅರದಿಂದ ಉಜ್ಜಿ ಸರಿ ಮಾಡಿಕೊಳ್ಳಬಹುದು. ಉಜ್ಜಿದ ಮೇಲೆ ಅಗಲ 7/8ಕ್ಕಿಂತ ಇಳಿದಿಲ್ಲ ತಾನೇ ಅಂತ ನೋಡಿ. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಪುಸ್ತಿಕೆಯನ್ನು ರಾಜ್ಯದ ವನ್ಯಜೀವಿ ಇಲಾಖೆಯಿಂದಲೇ ತೆಗೆದುಕೊಳ್ಳಿ.

ತೂಗಿ, ಕೂರಿಸಿ, ತಿರುಗಿಸಿ

ಬ್ರಾಡ್‌ಹೆಡ್ ಬಂದ ತಕ್ಷಣ ಒಂದೊಂದನ್ನೂ ತೂಗಿ. 125 ಅಂತ ಬರೆದಿದ್ದರೂ ಒಂದು 122, ಇನ್ನೊಂದು 128 ಬರುವುದು ಸಾಮಾನ್ಯ. ಮೂರ್ನಾಲ್ಕು ಗ್ರೇನ್ ವ್ಯತ್ಯಾಸ ಬೇಟೆಯ ದೂರದಲ್ಲಿ ಕಾಣುವುದಿಲ್ಲ. 10 ದಾಟಿದರೆ ಅದನ್ನು ಬೇರೆ ಇಡಿ. ಅಂಟಿನ ತೂಕವೂ ಸೇರುತ್ತದೆ, ಮಸೆದಾಗ ಕಳೆಯುತ್ತದೆ. ಆದ್ದರಿಂದ ಕೊನೆಯ ತೂಕವನ್ನು ಎಲ್ಲ ಮುಗಿದ ಮೇಲೆ ಇನ್ನೊಮ್ಮೆ ನೋಡಿ.

ಅಂಟಿಸಲು ಹಾಟ್ ಮೆಲ್ಟ್ ಅಂಟಿನ ಕಡ್ಡಿ ಒಳ್ಳೆಯದು, ಬೇಕಾದಾಗ ಬಿಸಿ ಮಾಡಿ ಬಿಡಿಸಬಹುದು. ಬ್ರಾಡ್‌ಹೆಡ್ಡನ್ನು ಇಕ್ಕಳದಲ್ಲಿ ಹಿಡಿದು ಕೊಳವೆಗೆ ಮಾತ್ರ ಉರಿ ತೋರಿಸಿ. ಅಲಗಿನ ಬಾಯಿಗೆ ಉರಿ ತಾಗಿದರೆ ಉಕ್ಕು ಮೆತ್ತಗಾಗುತ್ತದೆ. ಮರದ ತುದಿಗೆ ಅಥವಾ ಅಡಾಪ್ಟರ್‌ಗೆ ಕರಗಿದ ಅಂಟನ್ನು ತೆಳುವಾಗಿ ಸವರಿ, ಬ್ರಾಡ್‌ಹೆಡ್ಡನ್ನು ತಿರುಗಿಸುತ್ತಾ ಒತ್ತಿ. ಪಕ್ಕದಿಂದ ಸ್ವಲ್ಪ ಅಂಟು ಹೊರಗೆ ಬಂದರೆ ಒಳಗೆ ತುಂಬಿದೆ ಅಂತ ಗೊತ್ತಾಗುತ್ತದೆ. ಕಾರ್ಬನ್ ಕಡ್ಡಿಗೆ ಸಿಕ್ಕಿಸಿಕೊಂಡೇ ಉರಿ ತೋರಿಸಬೇಡಿ, ಅಡಾಪ್ಟರ್ ಬಿಚ್ಚಿಕೊಂಡು ಈ ಕೆಲಸ ಮಾಡಿ.

ಅಂಟು ಆರುವ ಮೊದಲೇ ತಿರುಗಿಸಿ ನೋಡಬೇಕು. ಬ್ರಾಡ್‌ಹೆಡ್‌ನ ಮೊನೆಯನ್ನು ಗಟ್ಟಿ ಹಲಗೆಯ ಮೇಲೆ ಊರಿ, ಕಡ್ಡಿ ನೆಟ್ಟಗೆ ನಿಲ್ಲಿಸಿ, ಎರಡು ಬೆರಳಿನಿಂದ ಬುಗುರಿಯ ಹಾಗೆ ತಿರುಗಿಸಿ. ಕಡ್ಡಿಯೂ ಅಲಗೂ ಸೇರುವ ಜಾಗವನ್ನೇ ನೋಡುತ್ತಿರಿ. ನೆಟ್ಟಗಿದ್ದರೆ ಅಲ್ಲಿ ಏನೂ ಅಲುಗುವುದಿಲ್ಲ. ಸೊಟ್ಟ ಇದ್ದರೆ ಅಲ್ಲಿ ಒಂದು ಮಸುಕು ನಡುಕ ಕಾಣುತ್ತದೆ, ಬೆರಳಿಗೂ ಟಕಟಕ ಅಂತ ಗೊತ್ತಾಗುತ್ತದೆ. ಮತ್ತೆ ಬಿಸಿ ಮಾಡಿ, ಕಾಲು ಸುತ್ತು ತಿರುಗಿಸಿ ಒತ್ತಿ, ಇನ್ನೊಮ್ಮೆ ನೋಡಿ. ಈ ಪರೀಕ್ಷೆ ಬಿಟ್ಟವರಿಗೆ ಉಳಿದ ಯಾವ ಲೆಕ್ಕವೂ ಕೈಹಿಡಿಯುವುದಿಲ್ಲ.

ಕೊನೆಗೆ ಗುರಿ ನೋಡುವುದು

ನಿರ್ಧರಿಸಿದ ತೂಕದ ಫೀಲ್ಡ್ ಪಾಯಿಂಟ್ ಬಾಣ ಮೂರು, ಅದೇ ತೂಕದ ಬ್ರಾಡ್‌ಹೆಡ್ ಬಾಣ ಮೂರು. ಬ್ರಾಡ್‌ಹೆಡ್‌ಗೆ ಫೋಮ್ ಗುರಿಯೇ ಬೇಕು, ಚೀಲದ ಗುರಿ ಹರಿದುಹೋಗುತ್ತದೆ. 20 ಗಜದಲ್ಲಿ ಎರಡೂ ಒಟ್ಟಿಗೆ ಬಿದ್ದರೆ ಮುಗಿಯಿತು. ಬಲಗೈಯವರಿಗೆ ಬ್ರಾಡ್‌ಹೆಡ್ ಎಡಕ್ಕೆ ಹೋದರೆ ಕಡ್ಡಿ ಇನ್ನೂ ಬಿಗಿ, ಬಲಕ್ಕೆ ಹೋದರೆ ಮೆದು. ಕೆಳಗೆ ಬಿದ್ದರೆ ನಾಕಿಂಗ್ ಪಾಯಿಂಟನ್ನು ಚೂರು ಇಳಿಸಿ, ಮೇಲೆ ಬಿದ್ದರೆ ಏರಿಸಿ.

ಗುರಿಗೆ ಹೊಡೆದ ಬ್ರಾಡ್‌ಹೆಡ್ಡನ್ನು ಹಾಗೇ ಬೇಟೆಗೆ ಒಯ್ಯಬೇಡಿ, ಫೋಮ್‌ಗೆ ಹೊಕ್ಕ ಬಾಯಿ ಮೊಂಡಾಗಿರುತ್ತದೆ. ಒಂದನ್ನು ಅಭ್ಯಾಸಕ್ಕೆ ಅಂತಲೇ ಇಟ್ಟು, ಬೇರೆಯದನ್ನು ಅರ, ಸಾಣೆಕಲ್ಲು, ಚರ್ಮದ ಪಟ್ಟಿ ಅಂತ ಕ್ರಮವಾಗಿ ಮಸೆದಿಡಿ. ಎಳೆದು ಹಿಡಿದ ರಬ್ಬರ್ ಬ್ಯಾಂಡ್‌ಗೆ ಬಾಯಿಯನ್ನು ಸುಮ್ನೆ ತಾಗಿಸಿದರೆ ಅದು ತುಂಡಾಗಬೇಕು. ಒತ್ತಬೇಕಾಗಿ ಬಂದರೆ ಇನ್ನೂ ಮಸೆಯಿರಿ. ಎರಡು ಬಾಯಿಯನ್ನೂ ಸಮಸಮ ಮಸೆಯಿರಿ, ಒಂದು ಕಡೆಯೇ ಜಾಸ್ತಿ ತೆಗೆದರೆ ತಿರುಗಿಸಿದಾಗ ಮತ್ತೆ ನಡುಕ ಬರುತ್ತದೆ. ಆಮೇಲೆ ತೆಳುವಾಗಿ ಎಣ್ಣೆ ಸವರಿ, ಅಲಗು ಪೂರ್ತಿ ಮುಚ್ಚುವ ಬತ್ತಳಿಕೆಯಲ್ಲಿ ಇಡಿ. ಒದ್ದೆ ಹುಲ್ಲಿನಲ್ಲಿ ಒಂದು ಬೆಳಗ್ಗೆ ಓಡಾಡಿದರೂ ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಬಾಯಿ ಮೊದಲು ಹಾಳಾಗುತ್ತದೆ. ಬೇಟೆಯ ದಿನಗಳಲ್ಲಿ ಪ್ರತಿ ಸಂಜೆ ಒಮ್ಮೆ ತೆಗೆದು ಒರೆಸಿ, ರಬ್ಬರ್ ಬ್ಯಾಂಡ್‌ಗೆ ತಾಗಿಸಿ ನೋಡಿಬಿಡಿ.